ಬೋರ್ಡಿಂಗ್‌ನಿಂದ ಬಂದ ನಾಯಿಗೆ ಕೆಮ್ಮು: ಗಂಟಲಲ್ಲಿ ಮೂಳೆನಾ, ಬೇರೆ ಏನಾದರೂನಾ?

ಪ್ರಶ್ನೆ: ನಮ್ಮದು ದಾವಣಗೆರೆ, ವಿದ್ಯಾನಗರ. ಮನೆಯಲ್ಲಿ ನಾಲ್ಕು ವರ್ಷದ ಗಂಡು ಲ್ಯಾಬ್ರಡಾರ್ ಇದ್ದಾನೆ, ಹೆಸರು ಬ್ರೂನೋ. ಮದುವೆಗೆ ಹೋಗಬೇಕಿತ್ತು ಅಂತ ನಾಲ್ಕು ದಿನ ನಾಯಿಗಳ ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದೆವು. ಮನೆಗೆ ಕರೆತಂದ ಐದನೇ ದಿನಕ್ಕೆ ಕೆಮ್ಮು ಶುರುವಾಯಿತು. ಒಣ ಕೆಮ್ಮು. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡ ಹಾಗೆ ಕ್ಯಾಕರಿಸಿ ಕೊನೆಗೆ ಬಿಳಿ ನೊರೆ ಕಕ್ಕುತ್ತಾನೆ. ಮೂಗಿನಿಂದ ಸ್ವಲ್ಪ ನೀರು ಬರುತ್ತದೆ. ಊಟ ಮಾಡುತ್ತಾನೆ, ಆಟಕ್ಕೂ ಬರುತ್ತಾನೆ. ನಮ್ಮ ಅತ್ತೆ ಮೆಣಸಿನ ಕಷಾಯ ಕುಡಿಸಿದ್ದಾರೆ, ಎದೆಗೆ ವಿಕ್ಸ್ ಹಚ್ಚಿದ್ದಾರೆ. ಮೆಡಿಕಲ್ ಶಾಪಿನಲ್ಲಿ ಮಕ್ಕಳ ಕೆಮ್ಮಿನ ಸಿರಪ್ ಕೊಟ್ಟಿದ್ದಾರೆ. ಅದನ್ನು ಹಾಕಬಹುದಾ? ಆರು ವರ್ಷದ ಮಗಳಿದ್ದಾಳೆ, ಅವಳಿಗೆ ಅಂಟುತ್ತಾ? ಪ್ರತಿ ವರ್ಷ ತಪ್ಪದೆ ಲಸಿಕೆ ಹಾಕಿಸಿದ್ದೇವೆ, ಆದರೂ ಯಾಕೆ ಬಂತು?

ಉತ್ತರ: ಮೊದಲು ಆ ಸಿರಪ್ ಬಾಟಲಿಯನ್ನು ಮೇಲಿನ ಕಪಾಟಿಗೆ ಎತ್ತಿಡಿ. ಕೊಡಬೇಡಿ. ಉಳಿದದ್ದನ್ನು ಒಂದೊಂದಾಗಿ ನೋಡೋಣ, ಗಾಬರಿ ಬೇಡ. ಊಟ ಬಿಟ್ಟಿಲ್ಲ, ಆಟ ಬಿಟ್ಟಿಲ್ಲ ಅಂದರೆ ಬ್ರೂನೋ ಸದ್ಯಕ್ಕೆ ಅಪಾಯದಲ್ಲಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬೋರ್ಡಿಂಗ್ ವಿಷಯ. ಹತ್ತಾರು ನಾಯಿಗಳು ಒಂದೇ ಸೂರಿನಡಿ ಇದ್ದು, ಒಂದೇ ಗಾಳಿ ಉಸಿರಾಡಿ, ಒಂದು ಬೊಗಳಿದರೆ ಎಲ್ಲವೂ ಬೊಗಳುವ ಜಾಗ ಅದು. ಅಲ್ಲಿಂದ ಬಂದು ಮೂರರಿಂದ ಹತ್ತು ದಿನದ ಒಳಗೆ ಒಣ ಕೆಮ್ಮು ಶುರುವಾದರೆ ನಮ್ಮಂಥ ಪಶುವೈದ್ಯರಿಗೆ ಮೊದಲು ನೆನಪಾಗುವುದು ಕೆನೆಲ್ ಕಾಫ್, ಅಂದರೆ ನಾಯಿಗಳು ಒಟ್ಟಿಗಿರುವ ಕಡೆ ಒಂದರಿಂದ ಒಂದಕ್ಕೆ ಅಂಟುವ ಕೆಮ್ಮು. ನಾಯಿಯನ್ನು ಮುಟ್ಟಿ ನೋಡದೆ ಹೇಳುವ ಮಾತು ಇದು. ಆದರೂ ನೀವು ಕೊಟ್ಟ ದಿನಗಳ ಲೆಕ್ಕ ಸರಿಯಾಗಿ ಕೂಡುತ್ತದೆ.

ಇದು ಒಂದೇ ರೋಗಾಣುವಿನ ಕೆಲಸ ಅಲ್ಲ. ಬೋರ್ಡೆಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾ ಮತ್ತು ಅಡಿನೊ ಅನ್ನುವ ವೈರಸ್‌ಗಳು ಒಂಟಿಯಾಗಿಯೋ ಜೊತೆಯಾಗಿಯೋ ಬರುತ್ತವೆ. ಗಾಳಿಕೊಳವೆಯ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ಭದ್ರಾ ನಾಲೆಯ ಕೆಳಗಿನ ಗದ್ದೆಗಳಲ್ಲಿ ಗಾಳಿ ಬಂದಾಗ ಭತ್ತದ ಪೈರು ಅಲೆ ಅಲೆಯಾಗಿ ಬಾಗುತ್ತಲ್ಲ, ಹಾಗೆ ಈ ರೋಮಗಳು ಬಾಗಿ ಬಾಗಿ ಧೂಳು, ಕಫವನ್ನು ಮೇಲಕ್ಕೆ ದೂಡುತ್ತಾ ಇರುತ್ತವೆ. ಬೋರ್ಡೆಟೆಲ್ಲಾ ಹೋಗಿ ಕೂರುವುದು ಈ ರೋಮಗಳ ಮೇಲೇ. ಅವು ಅಲ್ಲಾಡದ ಹಾಗೆ ಮಾಡುತ್ತದೆ. ಒಳಗಿನ ಕಸ ಹೊರಹಾಕಲು ದೇಹಕ್ಕೆ ಉಳಿಯುವ ದಾರಿ ಕೆಮ್ಮು ಒಂದೇ. ರೋಮಗಳು ಸುಧಾರಿಸಿಕೊಳ್ಳುವವರೆಗೆ, ಅಂದರೆ ಒಂದರಿಂದ ಮೂರು ವಾರ, ಕೆಮ್ಮು ಇದ್ದೇ ಇರುತ್ತದೆ. ನಾಳೆ ಬೆಳಿಗ್ಗೆಗೆ ನಿಲ್ಲಿಸಿಬಿಡಿ ಅಂತ ಕೇಳಿದರೆ ಯಾರಿಂದಲೂ ಆಗುವುದಿಲ್ಲ. ನಿಲ್ಲಿಸಿಬಿಡುವುದು ಒಳ್ಳೆಯದೂ ಅಲ್ಲ.

ಕೆಮ್ಮಿನ ಗುರುತು ಹೇಳುತ್ತೇನೆ, ಹೋಲಿಸಿ ನೋಡಿ. ನಾಯಿ ಕತ್ತನ್ನು ಮುಂದಕ್ಕೆ ಚಾಚಿ, ತಲೆ ತಗ್ಗಿಸಿ, ಹಳೇ ಕಾರಿನ ಹಾರನ್ ಹೊಡೆದ ಹಾಗೆ ನಾಲ್ಕೈದು ಸಲ ಕೆಮ್ಮುತ್ತದೆ. ಕೊನೆಯಲ್ಲಿ ವಾಕರಿಕೆ ಬಂದು ಒಂದು ಚಮಚದಷ್ಟು ಬಿಳಿ ನೊರೆ ನೆಲಕ್ಕೆ ಬೀಳುತ್ತದೆ. ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಬಾಲ ಅಲ್ಲಾಡಿಸುತ್ತಾ ಬರುತ್ತದೆ. ಗೇಟಿನ ಶಬ್ದ ಕೇಳಿ ಎದ್ದು ಓಡಿದಾಗ, ಬೆಲ್ಟ್ ಎಳೆದಾಗ, ನೀರು ಕುಡಿದ ತಕ್ಷಣ ಜಾಸ್ತಿ. ಎಷ್ಟೋ ಜನ ಇದನ್ನು ವಾಂತಿ ಅಂದುಕೊಂಡು ಹೊಟ್ಟೆಗೆ ಮಾತ್ರೆ ಕೇಳಿಕೊಂಡು ಬರುತ್ತಾರೆ. ವಾಂತಿಯಲ್ಲಿ ಹೊಟ್ಟೆ ಒಳಕ್ಕೆ ಹೊರಕ್ಕೆ ಏದುತ್ತದೆ, ತಿಂದದ್ದು ಬರುತ್ತದೆ. ಇದರಲ್ಲಿ ಬರೀ ನೊರೆ.

ಮುಂದಿನ ಸಲ ಕೆಮ್ಮು ಬಂದಾಗ ಫೋನಿನಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿಕೊಳ್ಳಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಮನೆಯಲ್ಲಿ ರಾತ್ರಿಯೆಲ್ಲಾ ಕೆಮ್ಮಿದ ನಾಯಿ ಆಸ್ಪತ್ರೆ ಮೇಜಿನ ಮೇಲೆ ನಿಂತರೆ ಭಯಕ್ಕೆ ಒಂದು ಸಲವೂ ಕೆಮ್ಮುವುದಿಲ್ಲ. ಆಗ ಯಜಮಾನರೇ ಕೆಮ್ಮಿ ತೋರಿಸುತ್ತಾರೆ. ಅದನ್ನು ನೋಡಿ ನಗು ತಡೆಯಬಹುದು, ರೋಗ ಕಂಡುಹಿಡಿಯುವುದು ಕಷ್ಟ.

ಈಗ ಮೂಳೆಯ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಾನೇ ಎಡವಿದ ಜಾಗ ಇದು. ನಿಜವಾಗಿ ಮೂಳೆ ಸಿಕ್ಕಿದ್ದರೆ ತಿನ್ನುತ್ತಿರುವಾಗಲೋ ತಿಂದ ತಕ್ಷಣವೋ ಶುರುವಾಗುತ್ತದೆ. ನಾಯಿ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ಜೊಲ್ಲು ಸುರಿಯುತ್ತದೆ, ನೀರು ನುಂಗಲು ಆಗುವುದಿಲ್ಲ. ಬ್ರೂನೋ ಊಟ ಮಾಡುತ್ತಿದ್ದಾನೆ ಅಂದಮೇಲೆ ಅವನಿಗೆ ಅದಲ್ಲ.

ಆದರೆ ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ ಕಾಣುವ ಇನ್ನೊಂದು ಕಾಯಿಲೆ ಇದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಳ್ಳಕೆರೆ ಕಡೆ ಒಂದು ಕುರಿಹಟ್ಟಿಗೆ ಹೋಗಿದ್ದೆ. ಕುರಿ ಕಾಯುವ ನಾಯಿ. ಬಾಯಿ ಅರ್ಧ ತೆರೆದುಕೊಂಡೇ ಇತ್ತು, ಜೊಲ್ಲು ಇಳಿಯುತ್ತಿತ್ತು, ಬೊಗಳಿದರೆ ದನಿ ಒಡೆದು ಗೊಗ್ಗರಾಗಿತ್ತು. 'ಮೂಳೆ ಸಿಕ್ಕೈತೆ ಸಾರ್' ಅಂದರು ಯಜಮಾನರು. ಅವರು ಆಗಲೇ ಬೆರಳು ಹಾಕಿ ಹುಡುಕಿದ್ದರು. ನಾನೂ ಗ್ಲೌಸ್ ಇಲ್ಲದೆ ಕೈ ಹಾಕಿದೆ. ಮೂಳೆ ಇರಲಿಲ್ಲ. ಮೂರನೇ ದಿನ ನಾಯಿ ಸತ್ತಿತು. ಪರೀಕ್ಷೆಗೆ ಕಳಿಸಿದಾಗ ಬಂದ ಉತ್ತರ ರೇಬೀಸ್. ಯಜಮಾನರು, ಅವರ ಇಬ್ಬರು ಗಂಡುಮಕ್ಕಳು, ನಾನು, ನಾಲ್ಕೂ ಜನ ಸಾಲಾಗಿ ಕೂತು ಇಂಜೆಕ್ಷನ್ ಹಾಕಿಸಿಕೊಂಡೆವು. ಹುಚ್ಚು ಅಂದರೆ ಅಟ್ಟಿಸಿಕೊಂಡು ಬಂದು ಕಚ್ಚುವುದು ಅಂತಲೇ ನಾವು ತಿಳಿದಿರುತ್ತೇವೆ. ಸುಮ್ಮನೆ ಮೂಲೆಯಲ್ಲಿ ಕೂತು, ದವಡೆ ಜೋತುಬಿದ್ದು, ನುಂಗಲಾರದೆ ಇರುವ ಹುಚ್ಚೂ ಇದೆ. ಹಾಗಾಗಿ ಲಸಿಕೆಯ ಲೆಕ್ಕ ಗೊತ್ತಿಲ್ಲದ ನಾಯಿ ಜೊಲ್ಲು ಸುರಿಸುತ್ತಾ, ನುಂಗಲಾಗದೆ, ದನಿ ಬದಲಾಗಿ ನಿಂತಿದ್ದರೆ ಬಾಯಿಗೆ ಕೈ ಹಾಕಬೇಡಿ. ಹಾಕಿಬಿಟ್ಟಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಕೈ ತೊಳೆದು, ಅವತ್ತೇ ಮನುಷ್ಯರ ಆಸ್ಪತ್ರೆಗೆ ಹೋಗಿ. ನಿಮ್ಮ ನಾಯಿಗೆ ಪ್ರತಿ ವರ್ಷ ರೇಬೀಸ್ ಲಸಿಕೆ ಬಿದ್ದಿದೆ, ಊಟವೂ ಸರಿಯಾಗಿದೆ. ಈ ಹೆದರಿಕೆ ನಿಮಗೆ ಬೇಡ. ನಿಮ್ಮ ಬೀದಿಯವರಿಗೆ ಹೇಳಿಡಿ, ಅಷ್ಟೇ.

ಸಿರಪ್ ಯಾಕೆ ಬೇಡ ಅಂದೆ? ಮಕ್ಕಳ ಸಿರಪ್‌ಗಳಲ್ಲಿ ಸಾಮಾನ್ಯವಾಗಿ ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್, ಕೆಲವದರಲ್ಲಿ ಪ್ಯಾರಸಿಟಮಾಲ್ ಕೂಡ ಸೇರಿರುತ್ತದೆ. ಫಿನೈಲ್‌ಎಫ್ರಿನ್ ಮೂಗು ಕಟ್ಟಿದ್ದು ಬಿಡಿಸಲು ಹಾಕುವುದು. ನಾಯಿಯಲ್ಲಿ ಅದು ಎದೆಬಡಿತವನ್ನೂ ಬಿಪಿಯನ್ನೂ ಏರುಪೇರು ಮಾಡುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೇ ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಜೋಡಿ ಕೊಡಬೇಡಿ ಅಂತ ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿ ಹೇಳಿದ್ದಾರೆ. ಇನ್ನು ಶುಗರ್ ಫ್ರೀ ಅಂತ ಬರೆದ ಕೆಲವು ಸಿರಪ್‌ಗಳಲ್ಲಿ ಸಿಹಿಗೆ ಕ್ಸೈಲಿಟಾಲ್ ಹಾಕಿರುತ್ತಾರೆ. ಮನುಷ್ಯರಿಗೆ ಅದು ಏನೂ ಮಾಡುವುದಿಲ್ಲ. ನಾಯಿ ತಿಂದರೆ ರಕ್ತದ ಸಕ್ಕರೆ ಸರ್ರನೆ ಇಳಿದು ಬೀಳುತ್ತದೆ, ಲಿವರ್ ಕೆಡುತ್ತದೆ.

ಜ್ವರದ ಮಾತ್ರೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಿರಪ್ ಆದಮೇಲೆ ಕೈ ಹೋಗುವುದು ಅದಕ್ಕೇ. ನಾಲ್ಕು ಕೆಜಿಯ ಪೊಮೆರೇನಿಯನ್‌ಗೆ ಒಂದು 650ರ ಪ್ಯಾರಸಿಟಮಾಲ್ ನುಂಗಿಸಿದರೆ ಕೆಜಿಗೆ 160 ಮಿಲಿಗ್ರಾಂ ದಾಟಿತು. ಲಿವರ್ ಹಾಳಾಗಲು ಅಷ್ಟು ಸಾಕು. ಬೆಕ್ಕಿಗಂತೂ ಒಂದು ಚೂರೂ ಕೊಡುವಂತಿಲ್ಲ. ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಕೊಟ್ಟು ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಕಕ್ಕಿದ ನಾಯಿಗಳನ್ನು ನೋಡಿದ್ದೇನೆ, ಕಿಡ್ನಿ ಹೋದ ನಾಯಿಗಳನ್ನೂ ನೋಡಿದ್ದೇನೆ. ಕೊಟ್ಟವರೆಲ್ಲಾ ಪ್ರೀತಿಯಿಂದಲೇ ಕೊಟ್ಟಿದ್ದರು.

ನಿಮ್ಮ ಅತ್ತೆಯ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಮೆಣಸು, ಶುಂಠಿ ಚೂರುಪಾರು ಹೋದರೆ ಏನೂ ಆಗದು. ನನಗೆ ಹೆದರಿಕೆ ಇರುವುದು ಕುಡಿಸಿದ ರೀತಿಯದು. ದನಕ್ಕೆ ಗೊಟ್ಟ ಎತ್ತಿದ ಹಾಗೆ ನಾಯಿಯ ಮೂತಿ ಮೇಲೆತ್ತಿ ಹುಯ್ದರೆ, ಕೆಮ್ಮುತ್ತಿರುವ ನಾಯಿ ನಡುವೆ ಉಸಿರು ಎಳೆದುಕೊಂಡು ಕಷಾಯ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಿಂದ ನ್ಯುಮೋನಿಯಾ. ಸುಮ್ನೆ ಬಿಟ್ಟಿದ್ದರೆ ವಾಸಿಯಾಗುತ್ತಿದ್ದ ಕೆಮ್ಮು ಹಾಗೆ ದೊಡ್ಡದಾಗುತ್ತದೆ. ಕಷಾಯಕ್ಕೆ ಈರುಳ್ಳಿ, ಬೆಳ್ಳುಳ್ಳಿ ಹಾಕುವ ಮನೆಗಳೂ ಉಂಟು. ಅವೆರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ಬೇಡವೇ ಬೇಡ. ವಿಕ್ಸ್‌ನಲ್ಲಿ ಕರ್ಪೂರ, ಮೆಂಥಾಲ್, ನೀಲಗಿರಿ ಎಣ್ಣೆ ಇದೆ. ನಾಯಿ ಅದನ್ನು ನೆಕ್ಕದೆ ಬಿಡುವುದಿಲ್ಲ. ಕರ್ಪೂರ ಹೊಟ್ಟೆಗೆ ಜಾಸ್ತಿ ಹೋದರೆ ಫಿಟ್ಸ್ ಬರಬಹುದು. ಎದೆಯ ಆ ಭಾಗವನ್ನಷ್ಟೇ ನಾಯಿ ಶಾಂಪೂ ಮತ್ತು ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿಬಿಡಿ.

ಹಾಗಾದರೆ ಏನು ಮಾಡಬೇಕು? ಮೊದಲು ಕತ್ತಿನ ಬೆಲ್ಟ್ ಬಿಚ್ಚಿ. ಅದು ಕೂರುವುದು ಸರಿಯಾಗಿ ಗಾಳಿಕೊಳವೆಯ ಮೇಲೆ, ಪ್ರತಿ ಎಳೆತಕ್ಕೂ ಕೆಮ್ಮು. ಹೊರಗೆ ಒಯ್ಯಲೇಬೇಕಾದರೆ ಎದೆಗೆ ಕಟ್ಟುವ ಹಾರ್ನೆಸ್ ತನ್ನಿ. ಎರಡು ವಾರ ಓಟ, ಚೆಂಡು ಎಸೆಯುವುದು ಬಂದ್. ಮೂತ್ರಕ್ಕೆ, ಮಲಕ್ಕೆ ಮಾತ್ರ ಹೊರಗೆ. ಲ್ಯಾಬ್ರಡಾರ್‌ಗೆ ಇದನ್ನು ಒಪ್ಪಿಸುವುದು ನಿಮ್ಮ ಕಷ್ಟ, ನನಗೆ ಗೊತ್ತು.

ಹಬೆ ಒಳ್ಳೆಯದು. ಬಚ್ಚಲುಮನೆಯಲ್ಲಿ ಎರಡು ಬಕೆಟ್ ಬಿಸಿನೀರು ತುಂಬಿ, ಬಾಗಿಲು ಹಾಕಿ, ಹಬೆ ತುಂಬಿದ ಮೇಲೆ ನಾಯಿಯ ಜೊತೆ ನೀವೂ ಹತ್ತು ನಿಮಿಷ ಕೂತುಕೊಳ್ಳಿ. ನಾಯಿ ಬಕೆಟ್‌ಗೆ ಮೂತಿ ಹಾಕದ ಹಾಗೆ ನೋಡಿಕೊಳ್ಳಿ. ದಿನಕ್ಕೆ ಎರಡು ಸಲ. ನೀರಿಗೆ ಏನೂ ಹಾಕಬೇಡಿ. ನಾಯಿ ಏದುಸಿರು ಬಿಟ್ಟರೆ ಬಾಗಿಲು ತೆಗೆದುಬಿಡಿ. ಪಗ್‌ನಂಥ ಮೊಂಡು ಮೂಗಿನ ನಾಯಿಗೆ ಈ ಉಪಾಯ ನಾನು ಹೇಳುವುದಿಲ್ಲ, ಬಿಸಿ ಅವಕ್ಕೆ ತಡೆಯುವುದಿಲ್ಲ. ಗಂಟಲು ಕೆರೆತಕ್ಕೆ ಜೇನುತುಪ್ಪ ಒಂದು ಟೀ ಚಮಚ, ಬೆಳಿಗ್ಗೆ ಸಂಜೆ. ತಟ್ಟೆಯಲ್ಲಿಟ್ಟರೆ ತಾನೇ ನೆಕ್ಕಿಕೊಳ್ಳುತ್ತಾನೆ. ವರ್ಷದೊಳಗಿನ ಮರಿಗೆ, ಸಕ್ಕರೆ ಕಾಯಿಲೆ ಇರುವ ನಾಯಿಗೆ ಜೇನು ಬೇಡ. ಮೂಗು ಕಟ್ಟಿದ್ದರೆ ಅರ್ಧ ಲೀಟರ್ ಕಾದಾರಿದ ನೀರಿಗೆ ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು ಕರಗಿಸಿ, ಹತ್ತಿ ಅದ್ದಿ ಒರೆಸಿ.

ನಾಯಿಗೆ ಹಸಿವು ಹುಟ್ಟುವುದೇ ವಾಸನೆಯಿಂದ. ಮೂಗು ಕಟ್ಟಿದ ನಾಯಿ ಊಟದ ಮುಂದೆ ನಿಂತು ಯೋಚನೆ ಮಾಡುತ್ತದೆ. ಅದಕ್ಕೇ ಊಟವನ್ನು ಉಗುರುಬೆಚ್ಚಗೆ ಮಾಡಿ ಕೊಡಿ, ವಾಸನೆ ಏಳುತ್ತದೆ. ಮೂಳೆ ತೆಗೆದ ಬೇಯಿಸಿದ ಕೋಳಿ, ಮೊಟ್ಟೆ, ಮೆತ್ತಗಿನ ಅನ್ನ ಸಾಕು. ಒಣ ಪೆಡಿಗ್ರಿ ಕಾಳುಗಳನ್ನು ಬಿಸಿನೀರಲ್ಲಿ ನೆನೆಸಿ ಕೊಡಿ, ಗಂಟಲು ಕೆರೆಯುವುದಿಲ್ಲ. ಮೊಸರನ್ನದಿಂದ ಶೀತ ಆಯಿತು ಅಂತ ಎಲ್ಲರೂ ಹೇಳುತ್ತಾರೆ. ಮೊಸರು ಪಾಪ ಏನೂ ಮಾಡಿಲ್ಲ. ಕೆಮ್ಮು ತಂದದ್ದು ಪಕ್ಕದ ಗೂಡಿನ ನಾಯಿ.

ಇನ್ನು ನಮ್ಮೂರಿನ ಗಾಳಿ. ರೋಮಗಳು ಮಲಗಿರುವ ಗಾಳಿಕೊಳವೆಗೆ ಧೂಳು, ಹೊಗೆ ಹೋದರೆ ಎರಡು ವಾರದ ಕೆಮ್ಮು ನಾಲ್ಕು ವಾರಕ್ಕೆ ಎಳೆಯುತ್ತದೆ. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ದಾವಣಗೆರೆ ಸುತ್ತ ರಸ್ತೆಯ ಮೇಲೇ ಕಾಳು ಒಣಹಾಕಿರುತ್ತಾರೆ, ಸಿಪ್ಪೆಯ ನವಿರು ಧೂಳು ಗಾಳಿಯಲ್ಲೇ ತೇಲುತ್ತಿರುತ್ತದೆ. ಮಂಡಕ್ಕಿ ಭಟ್ಟಿ, ರೈಸ್ ಮಿಲ್ ಹತ್ತಿರದ ಮನೆಗಳಿಂದ ಬರುವ ನಾಯಿಗಳ ಕೆಮ್ಮು ಬೇಗ ಬಿಡುವುದಿಲ್ಲ ಅನ್ನುವುದು ನನ್ನ ಅನುಭವ. ಮಂಡಕ್ಕಿ ಮಿರ್ಚಿ ನನಗೂ ಇಷ್ಟ. ಹೊಗೆ ಮಾತ್ರ ನಾಯಿಗಿರಲಿ, ನಮಗೂ ಒಳ್ಳೆಯದಲ್ಲ. ಭಟ್ಟಿಯನ್ನು ನೀವು ನಿಲ್ಲಿಸಲಾರಿರಿ. ಮನೆಯೊಳಗಿನ ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ ಹೊಗೆಯನ್ನು ನಾಯಿ ಮಲಗುವ ಕೋಣೆಯಿಂದ ದೂರ ಇಡಬಹುದು. ಮಲಗಲು ಬರೀ ಟೈಲ್ಸ್ ನೆಲ ಬೇಡ. ಚಳಿಗಾಲದಲ್ಲಿ ಗೋಣಿಚೀಲದ ಮೇಲೆ ಒಂದು ಹಳೆಯ ಕಂಬಳಿ ಹಾಸಿ. ಚಿತ್ರದುರ್ಗದ ಕಡೆ ಗುಡ್ಡದ ಗಾಳಿ ರಾತ್ರಿಯೆಲ್ಲಾ ಬೀಸುವ ಮನೆಗಳಲ್ಲಿ, ಅದರಲ್ಲೂ ಮೈಯಲ್ಲಿ ಕೊಬ್ಬೇ ಇಲ್ಲದ ಮುಧೋಳ ನಾಯಿಗಳಿಗೆ, ಇದು ಇನ್ನೂ ಮುಖ್ಯ. ಚಳಿಯಿಂದಲೇ ಕೆಮ್ಮು ಹುಟ್ಟುವುದಿಲ್ಲ. ನಡುಗುವ ನಾಯಿ ಬೇಗ ಸುಧಾರಿಸಿಕೊಳ್ಳುವುದಿಲ್ಲ, ಅಷ್ಟೇ. ಸ್ನಾನ ವಾಸಿಯಾದ ಮೇಲೆ.

ದಿನಕ್ಕೆ ಮೂರು ವಿಷಯ ನೋಡಿ ಒಂದು ಹಾಳೆಯಲ್ಲಿ ಬರೆದಿಡಿ. ಗಾಢ ನಿದ್ದೆಯಲ್ಲಿರುವಾಗ ಪಕ್ಕೆ ಏರಿ ಇಳಿದದ್ದು ಒಂದು ಉಸಿರು ಅಂತ ಒಂದು ನಿಮಿಷ ಎಣಿಸಿ. 30ರ ಒಳಗಿದ್ದರೆ ನಿಶ್ಚಿಂತೆ. 40 ದಾಟಿದರೆ ಅವತ್ತೇ ವೈದ್ಯರ ಹತ್ತಿರ ಹೋಗಿ. ಎರಡನೆಯದು ಜ್ವರ. ಮೂಗು ಒಣಗಿದೆಯಾ, ತಣ್ಣಗಿದೆಯಾ ಅಂತ ಮುಟ್ಟಿ ನೋಡುವುದರಿಂದ ಏನೂ ಗೊತ್ತಾಗದು. ನಾಯಿಗೆ ಅಂತಲೇ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಂಡು, ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಗುದದ್ವಾರದಲ್ಲಿ ಒಂದು ಇಂಚು ಇಟ್ಟು ನೋಡಬೇಕು. ಇಬ್ಬರು ಬೇಕು, ಒಬ್ಬರು ಬಿಸ್ಕತ್ ಹಿಡಿಯಲು. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಮಾಮೂಲಿ. ನಮ್ಮ ಲೆಕ್ಕದಲ್ಲಿ ಜ್ವರ ಅಂತ ಕಂಡರೂ ನಾಯಿಗೆ ಅಲ್ಲ. 103 ದಾಟಿದರೆ ಜ್ವರ. ಮೂರನೆಯದು ಒಸಡಿನ ಬಣ್ಣ. ತುಟಿ ಎತ್ತಿ ನೋಡಿ, ಗುಲಾಬಿ ಇರಬೇಕು. ಬಿಳಿಚಿದ್ದರೆ, ನೀಲಿಗಿದ್ದರೆ, ಅಥವಾ ನಾಯಿ ಮಲಗಲಾರದೆ ಮೊಣಕೈ ಅಗಲಿಸಿ ಕತ್ತು ಚಾಚಿ ಕೂತೇ ಇದ್ದರೆ ಹಬೆ, ಜೇನು ಅಂತ ಕೂರಬೇಡಿ. ರಾತ್ರಿಯಾದರೂ ಹೊರಡಿ. ಕೆಮ್ಮು ಒಣಗಿನಿಂದ ಗೊರಗೊರ ಅನ್ನುವ ಹಸಿ ಕೆಮ್ಮಿಗೆ ತಿರುಗಿದರೆ, ಮೂಗಿನ ನೀರು ಹಳದಿ ಹಸಿರು ಗೊಣ್ಣೆಯಾದರೆ, ಒಂದು ದಿನ ಪೂರ್ತಿ ಊಟ ಬಿಟ್ಟರೆ ಕೂಡ ತೋರಿಸಲೇಬೇಕು.

ತೋರಿಸಲು ಹೋದಾಗ 'ಒಂದು ಇಂಜೆಕ್ಷನ್ ಹಾಕಿಬಿಡಿ ಸಾರ್' ಅಂತ ಒತ್ತಾಯ ಮಾಡಬೇಡಿ. ಜ್ವರ ಇಲ್ಲದ, ಊಟ ಮಾಡುವ ನಾಯಿಯ ಕೆನೆಲ್ ಕಾಫ್‌ಗೆ ಮೊದಲ ಹತ್ತು ದಿನ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಎಳೆದುಕೊಂಡು ಹೋದರೆ ಡಾಕ್ಸಿಸೈಕ್ಲಿನ್ ಬರೆಯಬಹುದು. ಆಗ ಒಂದು ಎಚ್ಚರ: ಆ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಸುಡುತ್ತದೆ. ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ. ರಾತ್ರಿ ನಿದ್ದೆಯೇ ಬಾರದಷ್ಟು ಒಣ ಕೆಮ್ಮಿದ್ದರೆ ಅದನ್ನು ತಗ್ಗಿಸುವ ಔಷಧಿಯನ್ನು ವೈದ್ಯರು ತೂಕ ನೋಡಿ ಕೊಡುತ್ತಾರೆ. ಹಸಿ ಕೆಮ್ಮಿಗೆ ಅಂಥದ್ದು ಕೊಡುವುದಿಲ್ಲ, ಕಫ ಒಳಗೇ ನಿಲ್ಲುತ್ತದೆ.

ಇದನ್ನು ಓದುವ ಬೇರೆಯವರ ನಾಯಿಯ ಕೆಮ್ಮು ಕೆನೆಲ್ ಕಾಫ್ ಆಗಿರಬೇಕು ಅಂತೇನಿಲ್ಲ. ಹನ್ನೊಂದು ವರ್ಷದ ಒಂದು ಪೊಮೆರೇನಿಯನ್ ನೆನಪಾಗುತ್ತದೆ, ಚಿತ್ರದುರ್ಗದ್ದು. ಎರಡು ತಿಂಗಳಿಂದ ರಾತ್ರಿ ಎರಡು ಮೂರು ಗಂಟೆಗೆ ಎದ್ದು ಕೆಮ್ಮುತ್ತಿತ್ತು, ಮನೆಯವರು ಒಂದಾದ ಮೇಲೊಂದು ಸಿರಪ್ ಮುಗಿಸಿದ್ದರು. ಸ್ಟೆತಸ್ಕೋಪ್ ಇಟ್ಟರೆ ಲಬ್ ಡಬ್ ಬದಲು ನಡುವೆ ಉಸ್ಸ್ ಅನ್ನುವ ಸದ್ದು. ಹೃದಯದ ಕವಾಟ ಸೋರುತ್ತಿತ್ತು. ಎಕ್ಸ್‌ರೇಯಲ್ಲಿ ಹೃದಯ ಊದಿ ಗಾಳಿಕೊಳವೆಯನ್ನು ಮೇಲಕ್ಕೆ ಒತ್ತಿತ್ತು, ಶ್ವಾಸಕೋಶದಲ್ಲಿ ನೀರೂ ಇತ್ತು. ಹೃದಯಕ್ಕೆ ಬಲ ಕೊಡುವ ಪಿಮೊಬೆಂಡಾನ್, ಜೊತೆಗೆ ನೀರು ಇಳಿಸುವ ಫ್ರುಸೆಮೈಡ್ ಶುರುಮಾಡಿದೆವು. ಆಮೇಲೆ ಒಂದೂವರೆ ವರ್ಷ ಆರಾಮಾಗಿತ್ತು. ವಯಸ್ಸಾದ ಸಣ್ಣ ತಳಿಯ ನಾಯಿ, ಮಲಗಿದಾಗ ಜಾಸ್ತಿಯಾಗುವ ಕೆಮ್ಮು, ಬೇಗ ಸುಸ್ತು ಅಂದರೆ ಹೃದಯ ನೋಡಿಸಿ. ಹತ್ತಿರದಲ್ಲಿ ಎಕ್ಸ್‌ರೇ ಸಿಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಅದೇ ಪೊಮೆರೇನಿಯನ್, ಪಗ್‌ಗಳಲ್ಲಿ ಗಾಳಿಕೊಳವೆಯೇ ಮೆತ್ತಗಾಗಿ ಚಪ್ಪಟೆಯಾಗುವುದೂ ಉಂಟು. ಖುಷಿಯಾದಾಗ ಬಾತುಕೋಳಿ ಕೂಗಿದ ಹಾಗೆ ಕೆಮ್ಮು. ತೂಕ ಇಳಿಸುವುದು, ಬೆಲ್ಟ್ ಬದಲು ಹಾರ್ನೆಸ್ ಹಾಕುವುದು ಅರ್ಧ ಚಿಕಿತ್ಸೆ. ಇನ್ನೊಂದು ಕೆಮ್ಮೇ ಅಲ್ಲ: ನಾಯಿ ನಿಂತಲ್ಲೇ ಗೊರ್ ಗೊರ್ ಅಂತ ಮೂಗಿನಿಂದ ಉಸಿರು ಒಳಕ್ಕೆ ಎಳೆಯುತ್ತದೆ, ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ. ಅದು ಉಲ್ಟಾ ಸೀನು. ಗಂಟಲು ನೀವಿದರೆ ಸಾಕು.

ಮರಿಗಳ ನೆಗಡಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಲಸಿಕೆ ಹಾಕಿಸದ ಮೂರು ನಾಲ್ಕು ತಿಂಗಳ ಮರಿಗೆ ಕಣ್ಣಲ್ಲಿ ಪಿಸುರು, ಮೂಗಲ್ಲಿ ದಪ್ಪ ಗೊಣ್ಣೆ, ಜ್ವರ, ಕೆಮ್ಮು, ಜೊತೆಗೆ ಭೇದಿ ಅಂದರೆ ನಾನು ಡಿಸ್ಟೆಂಪರ್ ಅನ್ನುವ ವೈರಸ್ ರೋಗ ಅಂತಲೇ ಹೆದರುತ್ತೇನೆ. ಕೆಲವಕ್ಕೆ ಅಂಗಾಲು ಗಟ್ಟಿಯಾಗುತ್ತದೆ. ನೆಗಡಿ ವಾಸಿಯಾಯಿತು ಅಂದುಕೊಂಡ ಎರಡು ಮೂರು ವಾರಕ್ಕೆ ಕಪಾಳ ಅದುರಲು ಶುರುವಾಗುತ್ತದೆ, ಚೂಯಿಂಗ್ ಗಮ್ ಜಗಿದ ಹಾಗೆ ಬಾಯಾಡಿಸುತ್ತಾ ಫಿಟ್ಸ್ ಬರುತ್ತದೆ. ಆ ವೈರಸ್ ಕೊಲ್ಲುವ ಔಷಧಿ ಇಲ್ಲ, ತಡೆಯುವ ಲಸಿಕೆ ಇದೆ. ಆರರಿಂದ ಎಂಟನೇ ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರದವರೆಗೆ. ಒಂದು ಡೋಸ್ ಹಾಕಿಸಿ ಕಾರ್ಡ್ ತೆಗೆದಿಟ್ಟುಬಿಡುವವರೇ ಜಾಸ್ತಿ. ಅಲ್ಲೇ ಮರಿಗಳು ಹೋಗುವುದು.

ಒಂದೇ ಹೊಳ್ಳೆಯಿಂದ ರಕ್ತ ಬಂದು, ನಾಯಿ ಬಿಡದೆ ಸೀನುತ್ತಾ ಮೂತಿಯನ್ನು ನೆಲಕ್ಕೆ ಉಜ್ಜಿದರೆ ಹುಲ್ಲಿನ ಊಬು ಒಳಗೆ ಹೋಗಿರಬಹುದು. ಹುಲ್ಲು ಒಣಗಿದ ಮೇಲೆ ಗುಡ್ಡ, ಹೊಲ ಸುತ್ತುವ ನಾಯಿಗಳಲ್ಲಿ ಇದು ಮಾಮೂಲಿ. ಊಬಿನ ಮುಳ್ಳು ಹಿಂದಕ್ಕೆ ತಿರುಗಿರುತ್ತದೆ, ಒಳಕ್ಕೇ ಸರಿಯುತ್ತದೆ. ಮನೆಯಲ್ಲಿ ಚಿಮಟ ಹಾಕಬೇಡಿ. ಸೀನೂ ಇಲ್ಲ, ಏಟೂ ಇಲ್ಲ, ಆದರೂ ಮೂಗಲ್ಲಿ ರಕ್ತ, ಮೈಮೇಲೆ ಉಣ್ಣಿ, ಜ್ವರ, ಬಿಳಿಚಿದ ಒಸಡು ಅಂದರೆ ಉಣ್ಣಿ ಕಚ್ಚಿ ಬರುವ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ.

ನಿಮ್ಮ ಉಳಿದ ಎರಡು ಪ್ರಶ್ನೆ. ಮಗಳಿಗೆ ಅಂಟುತ್ತಾ? ಆರೋಗ್ಯವಾಗಿರುವ ಮಗುವಿಗೆ ಸಾಮಾನ್ಯವಾಗಿ ಇಲ್ಲ. ಬೋರ್ಡೆಟೆಲ್ಲಾ ಅಪರೂಪಕ್ಕೆ ಮನುಷ್ಯರಿಗೂ ಬರುತ್ತದೆ, ಅದು ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರಂಥ ತೀರಾ ಶಕ್ತಿ ಕುಂದಿದವರಿಗೆ. ಮನೆಯಲ್ಲಿ ಅಂಥವರಿದ್ದರೆ ದೂರ ಇರಲಿ. ಮಗಳು ನಾಯಿಯ ಮೂತಿಗೆ ಮುತ್ತು ಕೊಡುವುದನ್ನು ಎರಡು ವಾರ ನಿಲ್ಲಿಸಿ, ಮುಟ್ಟಿದ ಮೇಲೆ ಕೈ ತೊಳೆಯಲಿ.

ಲಸಿಕೆ ಹಾಕಿಸಿಯೂ ಯಾಕೆ ಬಂತು ಅಂದರೆ, ವರ್ಷಕ್ಕೊಮ್ಮೆ ಹಾಕಿಸುವ ಸೆವೆನ್ ಇನ್ ಒನ್‌ನಲ್ಲಿ ಅಡಿನೊ, ಪ್ಯಾರಾಇನ್‌ಫ್ಲುಯೆಂಜಾ ಇರುತ್ತದೆ, ಬೋರ್ಡೆಟೆಲ್ಲಾ ಇರುವುದಿಲ್ಲ. ಅದಕ್ಕೆ ಮೂಗಿಗೆ ಹನಿ ಹಾಕುವ ಬೇರೆ ಲಸಿಕೆ ಇದೆ. ಬಿಡುವ ಹಿಂದಿನ ದಿನ ಹಾಕಿಸಿದರೆ ಉಪಯೋಗಕ್ಕೆ ಬಾರದು. ಒಂದು ವಾರ ಮೊದಲಾದರೂ ಹಾಕಿಸಿ. ಅದೂ ಪೂರ್ತಿ ತಡೆಯುವುದಿಲ್ಲ, ಬಂದರೂ ಹಗುರವಾಗಿ ಹೋಗುತ್ತದೆ. ಮನೆಯಿಂದ ಹೊರಗೇ ಹೋಗದ ನಾಯಿಗೆ ಅದು ಬೇಕೇ ಬೇಕು ಅಂತ ನಾನು ಹೇಳುವುದಿಲ್ಲ.

ಕೆಮ್ಮು ನಿಂತ ಮೇಲೂ ಎರಡು ವಾರ ಬ್ರೂನೋನನ್ನು ಬೇರೆ ನಾಯಿಗಳ ಹತ್ತಿರ ಬಿಡಬೇಡಿ. ನಿಮ್ಮ ಬೀದಿಯಲ್ಲಿ ಮರಿ ಹಾಕಿದ ನಾಯಿ ಇದ್ದರೆ, ಇವನ ತಟ್ಟೆಯಲ್ಲಿ ಉಳಿದದ್ದನ್ನು ಅದಕ್ಕೆ ಹಾಕಬೇಡಿ. ಆಸ್ಪತ್ರೆಗೆ ಹೋದರೂ ಮೊದಲು ಫೋನ್ ಮಾಡಿ, ನಿಮ್ಮ ಸರದಿ ಬರುವವರೆಗೆ ಕಾರಲ್ಲೇ ಕೂರಿಸಿಕೊಂಡಿರಿ.

ಬೋರ್ಡಿಂಗ್‌ನವರಿಗೂ ಇವತ್ತೇ ತಿಳಿಸಿ, ಜಗಳಕ್ಕಲ್ಲ. ಕೆಮ್ಮದೇ ಇರುವ ನಾಯಿಯೂ ಇದನ್ನು ಹೊತ್ತು ತರುತ್ತದೆ, ಹಾಗಾಗಿ ಅವರಿಗೆ ಗೊತ್ತೇ ಇಲ್ಲದಿರಬಹುದು. ಅದೇ ವಾರ ಅಲ್ಲಿದ್ದ ಉಳಿದ ನಾಯಿಗಳ ಮನೆಯವರಿಗೆ ಅವರು ಒಂದು ಮಾತು ಹೇಳಿದರೆ, ಇನ್ನೊಂದು ಮನೆಯಲ್ಲಿ ಯಾರೋ ನಾಯಿಯ ಬಾಯಿಗೆ ಬೆರಳು ಹಾಕಿ ಮೂಳೆ ಹುಡುಕುವುದು ತಪ್ಪುತ್ತದೆ.